ಜಿ. ಪಿ. ರಾಜರತ್ನಂ

ಜಿ. ಪಿ. ರಾಜರತ್ನಂ (ಗುಂಡ್ಲು ಪಂಡಿತ ರಾಜರತ್ನಂ) ಕನ್ನಡದ ಕವಿ, ಮಕ್ಕಳ ಸಾಹಿತಿ, ನಾಟಕಕಾರ, ಬೌದ್ಧ ಮತ್ತು ಜೈನ ಸಾಹಿತ್ಯದ ಅನುವಾದಕ, ಅಧ್ಯಾಪಕ. ಹುಟ್ಟಿದ್ದು ರಾಮನಗರದಲ್ಲಿ. ಹೆಂಡ ಕುಡಿಯುವ ಕೂಲಿಯವನೊಬ್ಬನ ಬಾಯಲ್ಲಿ ಹಾಡಿಸಿದ 'ರತ್ನನ ಪದಗಳು' ಅವರ ಅತ್ಯಂತ ಜನಪ್ರಿಯ ಕೃತಿ. ದಿನದ ದುಡಿಮೆ ಮುಗಿದ ಮೇಲೆ ಗೆಳೆಯರ ನಡುವೆ ಕುಡಿಯುವ ಒಂದು ಬುಂಡೆ ಹೆಂಡ, ಅದರ ಸುತ್ತಣ ಮಾತು, ಮನೆಯಲ್ಲಿ ಕಾದಿರುವ ಹೆಂಡತಿ ಇವೆಲ್ಲ ಗಂಭೀರ ಕಾವ್ಯಕ್ಕೆ ವಸ್ತುವಾಗಬಲ್ಲವು ಎಂಬುದನ್ನು ನವೋದಯ ಕಾಲದಲ್ಲಿ ತೋರಿಸಿಕೊಟ್ಟವರು ಅವರು. ಸ್ವತಃ ರಾಜರತ್ನಂ ಮದ್ಯವನ್ನು ಮುಟ್ಟಿದವರಲ್ಲ. ಅವರು 1979ರ ಮಾರ್ಚ್ 13ರಂದು ನಿಧನರಾದರು.

ಮನೆತನ ಮತ್ತು ಬಾಲ್ಯ

ರಾಜರತ್ನಂ ಅವರದು ತಮಿಳುನಾಡಿನ ನಾಗಪಟ್ಟಣದ ಕಡೆಯಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲೆಸಿದ ಶ್ರೀವೈಷ್ಣವ ಮನೆತನ. ಹೆಸರಿನ ಮೊದಲಲ್ಲಿರುವ 'ಗುಂಡ್ಲು' ಆ ಊರಿನ ನೆನಪು. 20ನೇ ಶತಮಾನದ ಮೊದಲ ದಶಕದಲ್ಲಿ ಅವರು ಜನಿಸಿದಾಗ ರಾಮನಗರಕ್ಕೆ ಇನ್ನೂ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನನ ಪತನದ ಬಳಿಕ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕಟ್ಟಿದ ಪೇಟೆ ಅದು. ಬೆಂಗಳೂರು ಮತ್ತು ಮೈಸೂರುಗಳ ನಡುವಣ ಹೆದ್ದಾರಿಯ ಮೇಲಿದ್ದು, ಅತ್ತ ಚನ್ನಪಟ್ಟಣ, ಇತ್ತ ಮಾಗಡಿ ಮತ್ತು ಕನಕಪುರಗಳ ಹಳ್ಳಿಗರು ಸಂತೆಗೂ ಕೂಲಿಗೂ ಬಂದು ಹೋಗುತ್ತಿದ್ದ ಊರು.

ಮೊದಲಿಗೆ ಅವರ ಹೆಸರು ರಾಜಯ್ಯಂಗಾರ್. ಶಾಲೆಯಲ್ಲಿ ಓದುವ ವಯಸ್ಸಿನಲ್ಲೇ ಅದನ್ನು ಬಿಟ್ಟು ರಾಜರತ್ನಂ ಎಂಬ ಹೆಸರನ್ನು ಇಟ್ಟುಕೊಂಡರು. ಜಾತಿಯನ್ನು ಸೂಚಿಸುವ ಭಾಗ ಕಳಚಿದ ಈ ಹೆಸರಿನ ಅರ್ಧವನ್ನೇ ಮುಂದೆ ತಮ್ಮ ಕುಡುಕ ನಾಯಕನಿಗೆ ಕೊಟ್ಟರೆಂಬುದನ್ನು ಗಮನಿಸಬೇಕು. ತಾಯಿಯನ್ನು ಬಾಲ್ಯದಲ್ಲೇ ಕಳೆದುಕೊಂಡ ಅವರು ಅಜ್ಜಿಯ ಆರೈಕೆಯಲ್ಲಿ ಬೆಳೆದರು. ತಂದೆ ಶಾಲೆ ನಡೆಸುತ್ತಿದ್ದ ಉಪಾಧ್ಯಾಯರು.

ವಿದ್ಯಾಭ್ಯಾಸ ಮತ್ತು ಕೆಲಸವಿಲ್ಲದ ವರ್ಷಗಳು

ರಾಜರತ್ನಂ 1931ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಕನ್ನಡ ಎಂ.ಎ. ಪದವಿ ಪಡೆದರು. ಕನ್ನಡ ಎಂ.ಎ. ಆಗ ಹೊಸದು; ಪದವಿ ಇದ್ದವರಿಗೆ ಹುದ್ದೆ ಇರಲಿಲ್ಲ. ಅವರು ಶಿಶುವಿಹಾರದಲ್ಲಿಯೂ ತಂದೆಯ ಮಾಧ್ಯಮಿಕ ಶಾಲೆಯಲ್ಲಿಯೂ ಮಕ್ಕಳಿಗೆ ಪಾಠ ಹೇಳತೊಡಗಿದರು. ಚಿಕ್ಕ ಮಕ್ಕಳು ಬಾಯಿಪಾಠ ಮಾಡಿ ನಲಿಯಬಹುದಾದ ಪದ್ಯಗಳು ಕನ್ನಡದಲ್ಲಿ ಸಾಕಷ್ಟಿಲ್ಲವೆಂದು ಅಲ್ಲಿ ಅರಿವಾಯಿತು. ಆ ಕೊರತೆಯಿಂದ ಹುಟ್ಟಿದ್ದು 'ತುತ್ತೂರಿ' ಎಂಬ ಶಿಶುಗೀತೆಗಳ ಸಂಕಲನ. ತಗಡಿನ ತುತ್ತೂರಿಯ ಮೇಲಿನ ಪದ್ಯ ಮತ್ತು ನಾಯಿಮರಿಯ ಪದ್ಯ ಇಂದಿಗೂ ಕನ್ನಡ ಮಕ್ಕಳು ಮೊದಲು ಕಲಿಯುವ ಪದ್ಯಗಳಲ್ಲಿ ಸೇರಿವೆ.

ಕೆಲಸ ಹುಡುಕಿಕೊಂಡು ಅವರು ಹೈದರಾಬಾದಿಗೂ ಹೋದರು, ಸಿಗದೆ ಹಿಂದಿರುಗಿದರು. ಆ ಹೊತ್ತಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅವರಿಗೆ ಧೈರ್ಯ ಹೇಳಿ ಸಾಹಿತ್ಯದ ಕೆಲಸದಲ್ಲಿಯೇ ತೊಡಗುವಂತೆ ಪ್ರೋತ್ಸಾಹಿಸಿದರು. ಆರಂಭದ ಕವಿತೆಗಳನ್ನು 'ಭ್ರಮರ' ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದರು. ಮಕ್ಕಳ ಪದ್ಯಗಳು ಮತ್ತು ಕುಡುಕನ ಪದಗಳು ಎರಡೂ ಇದೇ ಕೆಲವೇ ವರ್ಷಗಳ ಫಲ. ಶಿಶುವಿನ ತೊದಲಿಗೆ ಕಿವಿಗೊಟ್ಟವರೇ ಕುಡಿದವನ ತೊದಲಿಗೂ ಕಿವಿಗೊಟ್ಟರು. ಎರಡು ಕಡೆಯೂ ವ್ಯಾಕರಣದ ಕನ್ನಡಕ್ಕಿಂತ ಬಾಯಿಯ ಕನ್ನಡವೇ ಅವರಿಗೆ ಮುಖ್ಯವಾಯಿತು.

'ಯೆಂಡ್ಕುಡ್ಕ ರತ್ನ'

ರತ್ನನ ಪದಗಳು ಬೆಳಕಿಗೆ ಬಂದದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಇವುಗಳ ನಾಯಕ ರತ್ನ ದಿನಗೂಲಿಯವನು. ಅವನ ಹೆಂಡತಿ ಪುಟ್ನಂಜಿ. ಪ್ರಸಿದ್ಧವಾದ 'ರತ್ನನ್ ಪರ್ಪಂಚ' ಪದದಲ್ಲಿ ಅವನು ತನ್ನ ಆಸ್ತಿಯ ಲೆಕ್ಕ ಒಪ್ಪಿಸುತ್ತಾನೆ. ಹೇಳಿಕೊಳ್ಳಲು ಒಂದು ಊರು, ತಲೆಯ ಮೇಲೆ ಒಂದು ಸೂರು, ಮಲಗಲು ಬರಿಯ ನೆಲ, ನಗುತ್ತ ಉಪ್ಪುಗಂಜಿ ಬಡಿಸುವ ಹೆಂಡತಿ. ಹಗಲೆಲ್ಲ ಬೆವರು ಸುರಿಸಿ ತಂದ ಸಂಪಾದನೆಯಲ್ಲಿ ಸಂಜೆಯ ಹೆಂಡಕ್ಕೆಂದು ಸ್ವಲ್ಪ ಭಾಗ ತೆಗೆದಿಡುತ್ತಾನೆ. ಹೆಂಡ ಇಲ್ಲಿ ದುಂದುಗಾರಿಕೆಯಲ್ಲ. ಬಡವನ ಬಜೆಟ್ಟಿನಲ್ಲಿ ತಪ್ಪದೆ ಬರುವ ಒಂದು ಬಾಬು.

'ಕನ್ನಡ್ ಪದಗೊಳ್' ಎಂಬ ಇನ್ನೊಂದು ಪದದಲ್ಲಿ ರತ್ನನಿಗೆ ಪ್ರಾಣವಾದ ವಸ್ತುಗಳು ಮೂರು: ಹೆಂಡ, ಹೆಂಡತಿ ಮತ್ತು ಕನ್ನಡದ ಹಾಡು. ಬುಂಡೆ ಎತ್ತಿದ ಮೇಲೆ ಪದಗಳು ತಾವಾಗಿ ಬರತೊಡಗುತ್ತವೆ. ದೇವರೇ ಎದುರಿಗೆ ಬಂದು ಒಂದೊಂದನ್ನಾಗಿ ಬಿಡಲು ಹೇಳಿದರೆ ಏನು ಮಾಡುವೆನೆಂದು ಅವನು ಊಹಿಸುತ್ತಾನೆ. ಹೆಂಡವನ್ನು ಬಿಡಲು ಒಪ್ಪುತ್ತಾನೆ. ಹೆಂಡತಿಯ ವಿಷಯದಲ್ಲಿಯೂ ಒಪ್ಪಿಬಿಡುತ್ತಾನೆ. ಅಲ್ಲಿ ಕುಡುಕನ ತುಂಟತನ ಇಣುಕುತ್ತದೆ. ಕನ್ನಡವನ್ನು ಬಿಡು ಎಂದಾಗ ಮಾತ್ರ ಅವನು ತಿರುಗಿ ನಿಲ್ಲುತ್ತಾನೆ. ನರಕಕ್ಕೆ ನೂಕಿ ನಾಲಿಗೆಯನ್ನು ಸೀಳಿ ಬಾಯಿಯನ್ನು ಹೊಲಿಸಿದರೂ ಮೂಗಿನಿಂದಲಾದರೂ ಕನ್ನಡ ಹಾಡುವೆನೆಂಬ ಅವನ ಹಟ, ಏಕೀಕರಣದ ಸಭೆಗಳಿಂದ ಇಂದಿನ ರಾಜ್ಯೋತ್ಸವದ ವೇದಿಕೆಗಳವರೆಗೆ ಭಾಷಾಭಿಮಾನದ ಮಾತಾಗಿ ಬಳಕೆಯಾಗಿದೆ. ಆ ವೇದಿಕೆಗಳಲ್ಲಿ ಮಾತನಾಡುತ್ತಿರುವವನು ಪಡಖಾನೆಯಿಂದ ಎದ್ದು ಬಂದವನೆಂಬುದು ಅನೇಕ ವೇಳೆ ಮರೆತುಹೋಗುತ್ತದೆ.

ಕೊಡಗಿನ ಮಂಜನ್ನು ಕುರಿತ ಪದದಲ್ಲಿ ರತ್ನನ ಇನ್ನೊಂದು ಮುಖವಿದೆ. ಹಳ್ಳ ದಿಣ್ಣೆಗಳೆಲ್ಲ ಅಳಿಸಿಹೋದಂತೆ ಮಡಿಕೇರಿಯನ್ನು ತಬ್ಬಿ ಮಲಗಿದ ಮಂಜನ್ನು ಅವನು ನೋಡಿ ನಿಂತಿದ್ದಾನೆ. ಅಲ್ಲಿ ಕುಡಿತಕ್ಕಿಂತ ನೋಟವೇ ದೊಡ್ಡದು. ನವೋದಯದ ಪ್ರಕೃತಿ ಕವಿತೆಗಳ ಸಾಲಿನಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ತಡವಾಗಿ ಸಿಕ್ಕಿತು. ಗ್ರಾಮ್ಯದಲ್ಲಿ ಬರೆದುದೇ ಅದಕ್ಕೆ ಕಾರಣವಿರಬೇಕು.

ಹೆಂಡದ ಲೋಕ

ರತ್ನನ ಕುಡಿತವನ್ನು ಅರ್ಥಮಾಡಿಕೊಳ್ಳಲು ಹಳೆಯ ಮೈಸೂರಿನ ಹೆಂಡದ ಪರಿಚಯ ಬೇಕು. ಬೆಂಗಳೂರು, ರಾಮನಗರ, ಕನಕಪುರ, ಮಾಗಡಿಗಳ ಬಯಲಿನಲ್ಲಿ ಹೆಂಡವೆಂದರೆ ಬಹುಮಟ್ಟಿಗೆ ಈಚಲು ಮರದ್ದು. ಕರಾವಳಿಯಲ್ಲಿ ತೆಂಗು ಮತ್ತು ತಾಳೆ, ಮಲೆನಾಡಿನಲ್ಲಿ ಬಗನಿ ಈ ಕೆಲಸಕ್ಕೆ ಒದಗುತ್ತವೆ. ಈಚಲಿನ ತಲೆಯ ಹತ್ತಿರ ಕಾಂಡವನ್ನು ಕತ್ತಿಯಿಂದ ಕೆತ್ತಿ, ಒಸರುವ ರಸಕ್ಕೆ ಸಂಜೆ ಮಡಕೆ ಕಟ್ಟಿದರೆ ಬೆಳಗಿನ ಹೊತ್ತಿಗೆ ತುಂಬುತ್ತದೆ. ಮರ ಹತ್ತಿ ಇದನ್ನು ಇಳಿಸುವುದು ಸಾಂಪ್ರದಾಯಿಕವಾಗಿ ಈಡಿಗರ ಕಸುಬು.

ಆಗ ತಾನೇ ಇಳಿಸಿದ ರಸ ಸಿಹಿ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ನೀರಾ ಆಗಿ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯ ಮತ್ತು ಮಡಕೆಯ ಯೀಸ್ಟ್ ಸೇರಿ ಕೆಲವೇ ಗಂಟೆಗಳಲ್ಲಿ ನೊರೆ ಏಳುತ್ತದೆ. ಬೆಳಗಿನ ಹೆಂಡ ಸಿಹಿ, ಮಧ್ಯಾಹ್ನದ್ದು ಹುಳಿಸಿಹಿ, ಸಂಜೆಯದು ಹುಳಿಯೂ ಖಾರವೂ ಆಗಿ ತಲೆಗೇರುವಂಥದು. ಮರುದಿನಕ್ಕೆ ಅದು ಹುಳಿಯ ನೀರು ಮಾತ್ರ. ಆದ್ದರಿಂದ ಹೆಂಡವನ್ನು ಕೂಡಿಡಲು ಬರುವುದಿಲ್ಲ. ಸೀಸೆಯಲ್ಲಿಟ್ಟು ವರ್ಷಗಟ್ಟಲೆ ಮಾಗಿಸುವ ಮದ್ಯಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಅದನ್ನು ಅಂದಂದೇ ಹತ್ತು ಜನ ಸೇರಿ ಕುಡಿದು ಮುಗಿಸಬೇಕು. ಯಾವ ಮರದ್ದು ಚೆನ್ನ, ಯಾವ ಹೊತ್ತಿನದು ಹದ, ಯಾರು ನೀರು ಬೆರೆಸಿದರು ಎಂಬ ಹೋಲಿಕೆಯ ಮಾತುಗಳು ಇಂಥ ಕೂಟದ ಸಹಜ ಭಾಗ. ರತ್ನ ಒಂಟಿಯಾಗಿ ಕುಡಿಯುವವನಲ್ಲ. ಅವನ ಅನೇಕ ಪದಗಳು ಎದುರಿಗೆ ಕುಳಿತ ಗೆಳೆಯನನ್ನು ಕರೆದು ಹೇಳುವ ಧಾಟಿಯಲ್ಲಿವೆ.

ಹೆಂಡದ ಮೇಲೆ ಸಾರಾಯಿ, ಸಾರಾಯಿಯ ಮೇಲೆ ಬ್ರಾಂದಿ ಎಂಬ ಅಂತಸ್ತು ಆ ಕಾಲದಲ್ಲಿ ಸ್ಪಷ್ಟವಾಗಿತ್ತು. ಬೆಲ್ಲ ಅಥವಾ ಕಾಕಂಬಿಯಿಂದ ಭಟ್ಟಿ ಇಳಿಸಿದ ಸಾರಾಯಿ ಗಡುಸು. ಸೀಸೆಯ ಬ್ರಾಂದಿ ಮತ್ತು ವಿಸ್ಕಿ ದಂಡುಪ್ರದೇಶದ ಅಂಗಡಿಗಳಿಗೂ ಕ್ಲಬ್ಬುಗಳಿಗೂ ಸೇರಿದವು. ಅಗ್ಗದ ಹೆಂಡ ಕೂಲಿಕಾರನ ಪಾಲು. ಅಬಕಾರಿಯ ಹಣ ಮೈಸೂರು ಸರ್ಕಾರದ ಮುಖ್ಯ ವರಮಾನಗಳಲ್ಲಿ ಒಂದಾಗಿತ್ತು. ರತ್ನ ಸಂಜೆ ತೆಗೆದಿಟ್ಟ ಕಾಸಿನಲ್ಲಿ ಸರ್ಕಾರಕ್ಕೂ ಭಾಗವಿತ್ತು. ಈ ಸಾಲಿನ ಕೆಳಗಿನ ತುದಿಯಲ್ಲಿದ್ದ ಪಾನೀಯವನ್ನೇ ರಾಜರತ್ನಂ ಆರಿಸಿಕೊಂಡರು.

ಕಾಲದ ಎದುರು

ಈ ಆಯ್ಕೆ ಸುಲಭವಾದುದಾಗಿರಲಿಲ್ಲ. ಗಾಂಧೀಜಿಯವರ ಪ್ರಭಾವದಿಂದ ಪಾನನಿರೋಧ ರಾಷ್ಟ್ರೀಯ ಚಳವಳಿಯ ಅಂಗವಾಗಿದ್ದ ದಿನಗಳವು. ಹೆಂಡದಂಗಡಿಗಳ ಮುಂದೆ ಕಾರ್ಯಕರ್ತರು ಪಿಕೆಟಿಂಗ್ ನಡೆಸುತ್ತಿದ್ದರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರಗಳನ್ನೇ ಕಡಿಯುವ ಸತ್ಯಾಗ್ರಹ ನಡೆದು ಹಲವರು ಸೆರೆಮನೆ ಸೇರಿದರು. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದಲ್ಲಿ ಪಾನನಿಷೇಧ ಹಂತಹಂತವಾಗಿ ಬಂದು 1960ರ ದಶಕದ ಕೊನೆಯಲ್ಲಿ ತೆರವಾಯಿತು. ಇಂಥ ವಾತಾವರಣದಲ್ಲಿ ಒಬ್ಬ ಉಪಾಧ್ಯಾಯ ಹೆಂಡದ ಪದಗಳನ್ನು ಬರೆದದ್ದು ಮಡಿವಂತರಿಗೂ ಸುಧಾರಕರಿಗೂ ಇರುಸುಮುರುಸಿನ ಸಂಗತಿ. ನಾಯಕನ ಹೆಸರು ಕವಿಯ ಹೆಸರಿನ ತುಂಡಾಗಿದ್ದರಿಂದ ಕವಿಯೇ ಕುಡುಕನೆಂದು ಭಾವಿಸಿದ ಓದುಗರೂ ಇದ್ದರು.

ಮದ್ಯವನ್ನು ಕಾವ್ಯಕ್ಕೆ ತಂದವರು ರಾಜರತ್ನಂ ಒಬ್ಬರೇ ಅಲ್ಲ. 12ನೇ ಶತಮಾನದ ಶರಣ ಹೆಂಡದ ಮಾರಯ್ಯ ತನ್ನ ಕಸುಬಿನ ಮಾತನ್ನೇ ವಚನಕ್ಕೆ ಬಳಸಿಕೊಂಡಿದ್ದ. ರಾಜರತ್ನಂ ಅವರ ಕಾಲದಲ್ಲಿಯೇ ಡಿ. ವಿ. ಗುಂಡಪ್ಪನವರು ಉಮರ್ ಖಯ್ಯಾಮನನ್ನು 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದರು. 1935ರಲ್ಲಿ ಹಿಂದಿಯಲ್ಲಿ ಹರಿವಂಶರಾಯ್ ಬಚ್ಚನ್ ಅವರ 'ಮಧುಶಾಲಾ' ಬಂತು. ಅದರ ಕವಿಯೂ ಕುಡಿಯುತ್ತಿರಲಿಲ್ಲ. ಆದರೆ ಮಾರಯ್ಯನಲ್ಲಿ ಹೆಂಡ ಭಕ್ತಿಗೆ ರೂಪಕ. ಉಮರನಲ್ಲಿಯೂ ಬಚ್ಚನ್ನರಲ್ಲಿಯೂ ದ್ರಾಕ್ಷಾರಸ ಬಾಳಿನ ಅನಿತ್ಯತೆಗೆ ಸಂಕೇತ. ರತ್ನನ ಹೆಂಡ ಹೆಂಡವೇ. ಅದಕ್ಕೆ ಬೆಲೆಯಿದೆ, ಹುಳಿಯಿದೆ, ಮರುದಿನದ ಕೂಲಿಯ ಚಿಂತೆಯಿದೆ. ಈ ದೃಷ್ಟಿಯಿಂದ ಅವನಿಗೆ ಹತ್ತಿರವಾಗುವವನು 18ನೇ ಶತಮಾನದ ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್. ಫ್ರಾನ್ಸಿನಿಂದ ಬರುವ ಬ್ರಾಂದಿಗಿಂತ ತನ್ನ ನೆಲದ ಬಾರ್ಲಿಯ ವಿಸ್ಕಿಯೇ ಮೇಲೆಂದು ಊರಿನ ಆಡುಮಾತಿನಲ್ಲಿ ಪದ್ಯ ಕಟ್ಟಿದ ಬರ್ನ್ಸ್ ಬಳಿಕ ಅಬಕಾರಿ ಅಧಿಕಾರಿಯಾದದ್ದು ಚರಿತ್ರೆಯ ಒಂದು ವಿನೋದ.

ಈ ಪದಗಳಿಗೆ ಒಂದು ಮಿತಿಯೂ ಉಂಟು. ಎಲ್ಲವೂ ರತ್ನನ ಬಾಯಿಂದ ಬರುವುದರಿಂದ ಪುಟ್ನಂಜಿ ನಗುತ್ತ ಗಂಜಿ ಬಡಿಸಿದಳೆಂಬುದು ಅವನ ವರದಿ, ಅವಳ ಸಾಕ್ಷ್ಯವಲ್ಲ. ಕುಡಿತದಿಂದ ಮುರಿದ ಮನೆಗಳನ್ನು ಕಂಡ ಓದುಗರು, ಅದರಲ್ಲಿಯೂ ಹೆಂಗಸರು, ಈ ನಗುವನ್ನು ಸಂದೇಹದಿಂದ ನೋಡಿದರೆ ತಪ್ಪಿಲ್ಲ. ಕರ್ನಾಟಕ ಸರ್ಕಾರ 2007ರಲ್ಲಿ ಸಾರಾಯಿ ಮಾರಾಟವನ್ನು ನಿಲ್ಲಿಸಿದಾಗ ಮುಂದಿಟ್ಟ ವಾದಗಳಲ್ಲಿ ಬಡ ಕುಟುಂಬಗಳ ಈ ಸಂಕಟವೇ ಮುಖ್ಯವಾಗಿತ್ತು. ರಾಜರತ್ನಂ ಕುಡಿತವನ್ನು ಶಿಫಾರಸು ಮಾಡಲಿಲ್ಲ, ಖಂಡಿಸಲೂ ಇಲ್ಲ. ಕುಡಿಯುವವನನ್ನು ಮನುಷ್ಯನೆಂದು ಕಂಡು ಅವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡರು.

ಪದಗಳ ಭಾಷೆ

ಟಿ. ಪಿ. ಕೈಲಾಸಂ ತಮ್ಮ ನಾಟಕಗಳಲ್ಲಿ ಬೆಂಗಳೂರಿನ ಮಧ್ಯಮವರ್ಗದ ಇಂಗ್ಲಿಷ್‌ಮಿಶ್ರಿತ ಆಡುಮಾತನ್ನು ಆಗಲೇ ರಂಗಕ್ಕೆ ತಂದಿದ್ದರು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' (1926) ಹೊಸ ಛಂದಸ್ಸಿಗೆ ದಾರಿ ತೆರೆದಿತ್ತು. ರಾಜರತ್ನಂ ಈ ಎರಡರ ಲಾಭವನ್ನೂ ಪಡೆದು, ಅಕ್ಷರ ಕಲಿಯದ ಜನರ ಮಾತನ್ನು ಭಾವಗೀತೆಗೆ ತಂದರು.

ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳ ಹಳ್ಳಿಗಾಡಿನ ಮಾತಿನಲ್ಲಿ ಪದಾದಿಯ ಹಕಾರ ಬೀಳುತ್ತದೆ. ಹಾಲು ಆಲಾಗುತ್ತದೆ, ಹೆಂಡ ಯೆಂಡವಾಗುತ್ತದೆ. ಮಹಾಪ್ರಾಣಗಳು ಉಳಿಯುವುದಿಲ್ಲ, ಭೂಮಿ ಬೂಮಿ. ಒತ್ತಕ್ಷರಗಳು ಸಡಿಲಗೊಂಡು ಪ್ರಪಂಚ ಪರ್ಪಂಚವಾಗುತ್ತದೆ. ನಡುವಣ ಸ್ವರಗಳು ಜಾರಿ ಹೆಂಡತಿ ಯೆಂಡ್ತಿಯಾಗುತ್ತಾಳೆ. ಹೀಗೆ ಯೆಂಡ ಮತ್ತು ಯೆಂಡ್ತಿ ಎಂಬ ಜೋಡಿ ಒಂದರ ಬೆನ್ನಿಗೊಂದು ತಾನಾಗಿ ಬಂದು ನಿಲ್ಲುತ್ತದೆ; ಈ ಉಪಭಾಷೆಯಲ್ಲಿ ಅದರ ಸೊಗಸು ಇನ್ನಷ್ಟು ಬಿಗಿ. ಪುಸ್ತಕದಲ್ಲಿ ಈ ರೂಪಗಳನ್ನು ಹಾಗೆಯೇ ಅಚ್ಚುಮಾಡಿರುವುದರಿಂದ ಮೊದಲ ಸಲ ಓದುವವರಿಗೆ ತೊಡಕೆನಿಸಬಹುದು. ಗಟ್ಟಿಯಾಗಿ ಓದಿದರೆ ತೊಡಕು ಕರಗುತ್ತದೆ.

'ಪದ' ಎಂಬ ಹೆಸರೂ ಅರ್ಥಪೂರ್ಣ. ಜನಪದರ ಹಾಡು, ತತ್ವಪದ, ಲಾವಣಿ ಇವೆಲ್ಲಕ್ಕೆ ಹಳ್ಳಿಯಲ್ಲಿ ಪದವೆಂದೇ ಕರೆಯುತ್ತಾರೆ. ಮುಂದೆ ರಾಜರತ್ನಂ ಇದೇ ಬಗೆಯಲ್ಲಿ 'ನಾಗನ ಪದಗಳು' ಬರೆದರು. ಅಲ್ಲಿ ನಾಗ ಮತ್ತು ಅವನ ಮಡದಿಯ ಒಲವಿನ ಬಾಳು ವಸ್ತು.

ಬೌದ್ಧ, ಜೈನ ಮತ್ತು ಇತರ ಸಾಹಿತ್ಯ

ಕುಡುಕನ ಪದಗಳನ್ನು ಬರೆದ ಕೈಯೇ ಬುದ್ಧನ ಬೋಧೆಯನ್ನೂ ಕನ್ನಡಕ್ಕೆ ತಂದಿತು. ರಾಜರತ್ನಂ ಪಾಲಿ ಭಾಷೆಯನ್ನು ಕಲಿತು ಮೂಲಗ್ರಂಥಗಳನ್ನು ಓದಿದರು. ಬುದ್ಧನ ಜಾತಕ ಕಥೆಗಳು, 'ಧರ್ಮದಾನಿ ಬುದ್ಧ', 'ಚೀನಾದೇಶದ ಬೌದ್ಧ ಯಾತ್ರಿಕರು' ಈ ಅಧ್ಯಯನದ ಫಲಗಳು. ಮಾದಕ ಪಾನೀಯಗಳಿಂದ ದೂರವಿರುವುದು ಬೌದ್ಧರ ಪಂಚಶೀಲಗಳಲ್ಲೊಂದು. ಅದನ್ನು ವಿವರಿಸುವ ಲೇಖಕರೂ ರತ್ನನ ಕರ್ತೃವೂ ಒಬ್ಬರೇ ಎಂಬುದು ಮೊದಲಿಗೆ ವಿಚಿತ್ರವೆನಿಸಿದರೂ, ಎರಡರಲ್ಲಿಯೂ ಕಾಣುವ ಕರುಣೆ ಒಂದೇ ಬಗೆಯದು. ಮಹಾವೀರ, ಪಾರ್ಶ್ವನಾಥ ಮತ್ತು ಗೊಮ್ಮಟೇಶ್ವರರನ್ನು ಕುರಿತ ಪುಸ್ತಕಗಳ ಮೂಲಕ ಜೈನ ಪರಂಪರೆಯನ್ನೂ ಸಾಮಾನ್ಯ ಓದುಗರಿಗೆ ಪರಿಚಯಿಸಿದರು.

'ಗಂಡುಗೊಡಲಿ', 'ಕಂಬಳಿ ಸೇವೆ', 'ನರಕದ ನ್ಯಾಯ' ಅವರ ನಾಟಕಗಳು. 'ಪುರುಷ ಸರಸ್ವತಿ' ಅಣಕು ಮತ್ತು ವಿಡಂಬನೆಯ ಪದ್ಯಗಳಿಗೆ ಹೆಸರಾಗಿದೆ. ಮಕ್ಕಳಿಗಾಗಿ 'ಕಡಲೆಪುರಿ', 'ಗುಲಗಂಜಿ', 'ಕಲ್ಲುಸಕ್ಕರೆ' ಮೊದಲಾದ ಪುಸ್ತಕಗಳನ್ನು ಬರೆದರು.

ಅಧ್ಯಾಪಕ ಮತ್ತು ಪರಿಚಾರಕ

1938ರಲ್ಲಿ ರಾಜರತ್ನಂ ಅವರಿಗೆ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪನದ ಕೆಲಸ ದೊರೆಯಿತು. ಮೈಸೂರು, ಬೆಂಗಳೂರು, ಶಿವಮೊಗ್ಗ ಮತ್ತು ತುಮಕೂರುಗಳಲ್ಲಿ ಸೇವೆ ಸಲ್ಲಿಸಿ 1964ರಲ್ಲಿ ನಿವೃತ್ತರಾದರು. ತಮ್ಮನ್ನು ಸಾಹಿತಿಯೆಂದು ಕರೆದುಕೊಳ್ಳುವುದಕ್ಕಿಂತ ಸಾಹಿತ್ಯದ ಪರಿಚಾರಕನೆಂದು ಕರೆದುಕೊಳ್ಳುವುದು ಅವರಿಗೆ ಇಷ್ಟ. ಕಾಲೇಜಿನ ಕರ್ನಾಟಕ ಸಂಘಗಳ ಮೂಲಕ ವಿದ್ಯಾರ್ಥಿಗಳಿಂದ ಬರೆಯಿಸಿ ಅವರ ಬರಹಗಳನ್ನು ಅಚ್ಚು ಹಾಕಿಸಿದರು. ಕನ್ನಡ ಪುಸ್ತಕಗಳನ್ನು ಜನರ ಬಳಿಗೆ ತಾವೇ ಒಯ್ದು ಮಾರುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಗೌರವಗಳು, ನಿಧನ

ಮೈಸೂರು ವಿಶ್ವವಿದ್ಯಾನಿಲಯ 1977ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1978ರಲ್ಲಿ ದೆಹಲಿಯಲ್ಲಿ ನಡೆದ 50ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಮರುವರ್ಷ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು.

ಗಾಯನದಲ್ಲಿ

ರತ್ನನ ಪದಗಳು ಪುಸ್ತಕದಿಂದ ಹೊರಗೆ ಹೆಚ್ಚು ದೂರ ನಡೆದದ್ದು ಸುಗಮ ಸಂಗೀತದ ಮೂಲಕ. ಮೈಸೂರು ಅನಂತಸ್ವಾಮಿಯವರು ಈ ಪದಗಳಿಗೆ ರಾಗ ಹಾಕಿ, ಕುಡಿದವನ ಎಳೆತ ಮತ್ತು ತಡವರಿಕೆಗಳನ್ನೂ ಕಂಠದಲ್ಲಿ ತಂದು, ವೇದಿಕೆಯ ಮೇಲೆ ಹಾಡಿದರು. ಅವರ ಮಗ ರಾಜು ಅನಂತಸ್ವಾಮಿ ಅದೇ ಧಾಟಿಯನ್ನು ಮುಂದುವರಿಸಿದರು. ಪಡಖಾನೆಗೆ ಎಂದೂ ಕಾಲಿಡದ ಮನೆಗಳಲ್ಲಿಯೂ ಈ ಧ್ವನಿಸುರುಳಿಗಳು ಓಡಿದವು. 2021ರಲ್ಲಿ ತೆರೆಕಂಡ 'ರತ್ನನ್ ಪ್ರಪಂಚ' ಎಂಬ ಕನ್ನಡ ಚಲನಚಿತ್ರದ ಹೆಸರೂ ರಾಜರತ್ನಂ ಅವರ ಪದದ ಶೀರ್ಷಿಕೆಯನ್ನು ನೆನಪಿಸುತ್ತದೆ. ಅಲ್ಲಿ 'ಪರ್ಪಂಚ' ಮಾತ್ರ ಶಿಷ್ಟರೂಪಕ್ಕೆ ತಿರುಗಿ 'ಪ್ರಪಂಚ'ವಾಗಿದೆ.